ಗುಡಿ ಕಟ್ಟೆಯಿಂದ ಶಾಲೆ ಜಗಲಿಗೆ: ಚಳ್ಳಕೆರೆ ಸೀಮೆಯ ಒಂದು ಹಳ್ಳಿಯ ಸಂಜೆ ಕಲಿಕೆ

2021ರ ಅಕ್ಟೋಬರ್ 25, ಸೋಮವಾರ. ಕೊರೊನಾದಿಂದ ಮುಚ್ಚಿದ್ದ ಶಾಲೆಗಳು ಒಂದರಿಂದ ಐದನೇ ತರಗತಿಯ ಮಕ್ಕಳಿಗೆ ಮತ್ತೆ ತೆರೆದ ದಿನ. ನಾವಿಬ್ಬರು ಶಿಕ್ಷಕರು ಬೆಳಿಗ್ಗೆ ಬೇಗ ಬಂದು ಬಾಗಿಲಿಗೆ ಮಾವಿನ ತೋರಣ ಕಟ್ಟಿದ್ದೆವು. ಅಂಗಳಕ್ಕೆ ನೀರು ಹಾಕಿ ರಂಗೋಲಿ ಬಿಟ್ಟಿದ್ದೆವು. ಹಾಜರಿ ಪುಸ್ತಕದಲ್ಲಿ 38 ಹೆಸರು. ಬಂದವರು 17.

ಉಳಿದವರು ರೋಗಕ್ಕೆ ಹೆದರಿ ಮನೆಯಲ್ಲೇ ಇರಬಹುದು ಅಂದುಕೊಂಡು ಊರೊಳಗೆ ಹೋದೆ. ಎಷ್ಟೋ ಮನೆಗಳಿಗೆ ಬೀಗ. ಒಬ್ಬ ಅಜ್ಜಿ ಮಾತ್ರ ಜಗಲಿ ಮೇಲೆ ಕೂತು ಪೊರಕೆ ಕಟ್ಟುತ್ತಿದ್ದರು. "ಶೇಂಗಾ ಕೀಳೋ ಟೈಮಾಗೆ ಇಸ್ಕೂಲ್ ತೆಗುದ್ರೆ ಯಾರ್ ಬರ್ತಾರೆ ಮೇಡಮ್ಮೋರೆ? ಎಲ್ಲಾ ಹೊಲದಾಗೆ ಅದಾರೆ" ಅಂದರು.

ಅಲ್ಲಿಂದ ಮುಂದಿನ ಮೂರು ವರ್ಷ ಏನಾಯಿತು ಎನ್ನುವುದೇ ಈ ಬರಹ. ಊರಿನವರು ಮಕ್ಕಳ ಕಲಿಕೆಗೆ ಕೈ ಹಾಕಿದರು. ನಾನು ಮಾಡುತ್ತಿದ್ದ ಕೆಲಸ ಬೇರೆಯದೇ ಆಯಿತು. ಅದು ಹೇಗೆ ಬೇರೆಯಾಯಿತು, ಅದರಲ್ಲಿ ನಾನು ಎಲ್ಲೆಲ್ಲಿ ತಪ್ಪಿದೆ ಎನ್ನುವುದನ್ನು ಬರೆಯಬೇಕು ಅನಿಸಿದೆ. ಊರಿನ ಹೆಸರು, ಯಾರ ಹೆಸರೂ ಇಲ್ಲಿ ಹಾಕಿಲ್ಲ. ಮಕ್ಕಳ ವಿಷಯ, ಅದಕ್ಕೆ.

ಊರು, ಶಾಲೆ

ಚಳ್ಳಕೆರೆ ಅಂದರೆ ಹೊರಗಿನವರಿಗೆ ಎಣ್ಣೆ ಮಿಲ್ಲುಗಳ ಊರು. ಆ ಮಿಲ್ಲುಗಳಿಗೆ ಶೇಂಗಾ ಬೆಳೆದುಕೊಟ್ಟ ಹಳ್ಳಿಗಳಲ್ಲಿ ನಮ್ಮದೂ ಒಂದು. ರಾಜ್ಯದಲ್ಲೇ ತೀರಾ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಇದು ಸೇರುತ್ತದೆ. ಮುಂಗಾರಿನಲ್ಲಿ ಬಿತ್ತಿದ ಶೇಂಗಾ ಅಕ್ಟೋಬರ್, ನವೆಂಬರ್‌ನಲ್ಲಿ ಕೀಳಬೇಕು. ನೆಲ ಒಣಗಿ ಗಟ್ಟಿಯಾದರೆ ಗಿಡ ಕೈಗೆ ಬರುತ್ತದೆ, ಕಾಯಿ ಮಣ್ಣಲ್ಲೇ ಉಳಿಯುತ್ತದೆ. ಹಾಗಾಗಿ ಆ ಐದಾರು ವಾರ ಮನೆಯಲ್ಲಿ ಎಷ್ಟು ಕೈ ಇದ್ದರೂ ಸಾಲುವುದಿಲ್ಲ. ಇನ್ನು ಕುರಿ ಸಾಕುವವರು. ಬೇಸಿಗೆಗೆ ಮುಂಚೆ ಮೇವು ಹುಡುಕಿಕೊಂಡು ಹೊರಡುತ್ತಾರೆ, ಕೆಲವರ ಜೊತೆ ಮಕ್ಕಳೂ ಹೋಗುತ್ತಾರೆ. ಕಂಬಳಿ ನೇಯುವ ನಾಲ್ಕೈದು ಮನೆಗಳಿವೆ. ಆಂಧ್ರದ ಗಡಿ ಹತ್ತಿರ ಇರುವುದರಿಂದ ಅರ್ಧ ಊರು ಮನೆಯೊಳಗೆ ತೆಲುಗು ಮಾತಾಡುತ್ತದೆ.

ಶಾಲೆ ಕಿರಿಯ ಪ್ರಾಥಮಿಕ. ಇಬ್ಬರು ಶಿಕ್ಷಕರು. 60 ಮಕ್ಕಳವರೆಗೆ ಇಬ್ಬರು ಅನ್ನುವುದು 2009ರ ಶಿಕ್ಷಣ ಹಕ್ಕು ಕಾಯ್ದೆಯ ಲೆಕ್ಕ. ಲೆಕ್ಕಕ್ಕೆ ಸರಿ ಇದೆ. ಆದರೆ ಐದು ತರಗತಿ, ಎರಡು ತಲೆ. ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಕೂತು ಕಾರ್ಡು, ಆಟಗಳಿಂದ ಕಲಿಯುವ ನಲಿ ಕಲಿ ನನ್ನದು. ನಾಲ್ಕು, ಐದು ಮುಖ್ಯ ಶಿಕ್ಷಕರದ್ದು. ನಾಲ್ಕರ ಗಣಿತ ಮಾತ್ರ ನಾನು ತೆಗೆದುಕೊಳ್ಳುತ್ತೇನೆ. ಅವರು ಸಭೆಗೆ, ಕಚೇರಿ ಕೆಲಸಕ್ಕೆ ಹೋದ ದಿನ ಐದೂ ನನ್ನವೇ.

ಕಟ್ಟೆ ಮೇಲೆ ಶುರುವಾದದ್ದು

ಊರಿನವರು ಪಾಠದ ಹತ್ತಿರ ಬಂದದ್ದು ಅದಕ್ಕೂ ಒಂದು ವರ್ಷ ಮೊದಲು. 2020ರ ಆಗಸ್ಟ್‌ನಲ್ಲಿ ಸರ್ಕಾರದ ವಿದ್ಯಾಗಮ ಯೋಜನೆ ಶುರುವಾದಾಗ ನಾವು ಮಕ್ಕಳಿದ್ದ ಕಡೆಗೇ ಹೋಗಬೇಕಾಯಿತು. ಗುಡಿ ಕಟ್ಟೆ, ಬೇವಿನ ಮರ, ಯಾರದೋ ಕಣ. ಎಲ್ಲಿ ನೆರಳೋ ಅಲ್ಲಿ. ಅಕ್ಟೋಬರ್‌ನಲ್ಲಿ ಸೋಂಕಿನ ಭಯದಿಂದ ಅದನ್ನು ನಿಲ್ಲಿಸಿದರು. 2021ರ ಜನವರಿಯಲ್ಲಿ ಬೇರೆ ರೂಪದಲ್ಲಿ ಮತ್ತೆ ಬಂತು.

ಆ ಎರಡು ತಿಂಗಳು ಕಟ್ಟೆಯ ಪಕ್ಕ ಹಾದು ಹೋಗುವವರೆಲ್ಲ ನಿಂತು ಪಾಠ ನೋಡುತ್ತಿದ್ದರು. ಅಲ್ಲಿಯವರೆಗೆ ನಾನು ಬಾಗಿಲ ಒಳಗೆ ಏನು ಮಾಡುತ್ತೇನೆ ಅಂತ ಊರಿಗೆ ಗೊತ್ತೇ ಇರಲಿಲ್ಲ. ಮಿಂಚುಪಟ್ಟಿ, ಅಂದರೆ ಅಕ್ಷರದ ಕಾರ್ಡು, ಹಿಡಿದು ಮಕ್ಕಳು ಗುಂಪಾಗಿ ಕೂತಿದ್ದು ನೋಡಿ ಒಬ್ಬ ಅಪ್ಪ ಕೇಳಿದರು, "ಇದೇನ್ ಮೇಡಂ, ಇಸ್ಪೀಟ್ ಆಡ್ತಾವಲ್ಲ?" ನಾನು ವಿವರಿಸಿದೆ. ಮರುದಿನ ಅವರೇ ಇನ್ನೊಬ್ಬರಿಗೆ ವಿವರಿಸುತ್ತಿದ್ದರು.

ಹಾಗೆ ನಿಂತು ನೋಡಿದವರಲ್ಲಿ ಒಬ್ಬಳು ಬಿ.ಎ. ಓದುತ್ತಿದ್ದ ಹುಡುಗಿ. ಶಾಲೆ ತೆರೆದ ವಾರ, 17 ಜನರ ಹಾಜರಿ ನೋಡಿ ನಾನು ತಲೆ ಮೇಲೆ ಕೈ ಹೊತ್ತಿದ್ದಾಗ ಅವಳೇ ಬಂದು ಹೇಳಿದಳು. "ಮಿಸ್, ಹೊಲದಿಂದ ಆರು ಗಂಟೆಗೆ ಬರ್ತಾರೆ. ಏಳರಿಂದ ಎಂಟೂವರೆ ತನಕ ಕಟ್ಟೆ ಮೇಲೆ ನಾನು ಕೂರಿಸ್ಕೊಳ್ತೀನಿ." ಮೊಬೈಲ್ ರಿಪೇರಿ ಅಂಗಡಿಯ ಹುಡುಗ ಬಲ್ಬ್ ಎಳೆದುಕೊಟ್ಟ. ಯಾರೋ ಜಮಖಾನ ತಂದರು. ಒಂದು ವಾರದಲ್ಲಿ ಇಪ್ಪತ್ತೈದು ಮಕ್ಕಳು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಸಂಜೆ ಕೂರಿಸಿಕೊಳ್ಳುತ್ತೇವೆ ಅಂದ ಮಾತ್ರಕ್ಕೆ ಹಗಲು ಶಾಲೆ ಬಿಡಿಸಿ ಹೊಲಕ್ಕೆ ಕಳಿಸುವುದು ಸರಿಯಾಗುವುದಿಲ್ಲ. ಆ ವಿಷಯದಲ್ಲಿ ನಾನು ಮನೆ ಮನೆಗೆ ಹೋಗಿ ಜಗಳವನ್ನೇ ಆಡಿದ್ದೇನೆ. ಮುಂದೆಯೂ ಆಡುತ್ತೇನೆ. ಕಾಯ್ದೆ ಪ್ರಕಾರ ಕಿರಿಯ ತರಗತಿಗಳಿಗೆ ವರ್ಷಕ್ಕೆ 200 ದಿನ ಪಾಠ ನಡೆಯಬೇಕು. ಸುಗ್ಗಿಯ ಐದಾರು ವಾರ ಹೋದರೆ ಅದರಲ್ಲಿ ಎಷ್ಟು ಕಳೆಯಿತು ಲೆಕ್ಕ ಹಾಕಿ.

ನನ್ನ ಮೊದಲ ತಪ್ಪು

ಸಂಜೆ ತರಗತಿ ಶುರುವಾದಾಗ ನನಗೆ ಸಂತೋಷಕ್ಕಿಂತ ಜಾಸ್ತಿ ನಿರಾಳ ಆಯಿತು. ಉಳಿದ ಕೆಲಸ ಇಳಿಸಲು ಒಂದು ಜಾಗ ಸಿಕ್ಕಿತು ಅನಿಸಿತು. ಬೆಳಿಗ್ಗೆ ಮುಗಿಯದ ಪಾಠ, ಬಾಯಿಪಾಠ ಆಗದ ಮಗ್ಗಿ, ಬರೆಯದ ಕಾಪಿ, ಎಲ್ಲವನ್ನೂ ಆ ಹುಡುಗಿಗೆ ಪಟ್ಟಿ ಮಾಡಿ ಕೊಡುತ್ತಿದ್ದೆ. ಅವಳು ನಿಷ್ಠೆಯಿಂದ ಮಾಡಿಸುತ್ತಿದ್ದಳು. ಕಟ್ಟೆಯಿಂದ ಕಾಗುಣಿತದ ಕೂಗು ಊರೆಲ್ಲ ಕೇಳುತ್ತಿತ್ತು. ಊರಿನವರಿಗೆ ಖುಷಿ. ಕೂಗು ಕೇಳಿದರೆ ಕಲಿಯುತ್ತಿದ್ದಾರೆ ಅಂತ.

ಮೂರನೇ ವಾರಕ್ಕೆ ಮಕ್ಕಳು ಹನ್ನೆರಡಾದರು. ಹೊಲದಲ್ಲಿ ದಣಿದು ಬಂದ ಮಕ್ಕಳು, ಪಾಪ, ತೂಕಡಿಸುತ್ತಿದ್ದರು. ಒಂದು ದಿನ ಅವಳು ನನ್ನನ್ನು ಬಸ್ ಸ್ಟಾಪಿನಲ್ಲಿ ಹಿಡಿದು ನಿಲ್ಲಿಸಿದಳು. "ಬೈಕೋಬೇಡಿ ಮಿಸ್. ನೀವು ಹಗಲು ಹೇಳಿದ್ದನ್ನೇ ನಾನು ರಾತ್ರಿ ಹೇಳ್ಸೋದಾದ್ರೆ ಅವರು ಯಾಕೆ ಬರ್ಬೇಕು? ಹಗಲು ಕುಣಿಸ್ತೀರಿ, ಕಾರ್ಡ್ ಆಡಿಸ್ತೀರಿ. ನನಗೆ ಮಾತ್ರ ಕೂಗ್ಸೋ ಕೆಲಸ ಕೊಟ್ಟಿದೀರಿ."

ಬಸ್ ಬಂತು, ಹತ್ತಿದೆ. ಚಳ್ಳಕೆರೆ ತಲುಪುವ ತನಕ ಮನಸ್ಸಿಗೆ ಸಮಾಧಾನ ಇರಲಿಲ್ಲ. ಇನ್ನೂ ಡಿಗ್ರಿ ಮುಗಿಸದ ಹುಡುಗಿ ನನಗೆ ಹೇಳುವುದಾ ಅಂತ ಮೊದಲು ಸಿಟ್ಟು ಬಂದದ್ದು ನಿಜ. ಆದರೆ ಅವಳು ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ.

ನಲಿ ಕಲಿಯಲ್ಲಿ ಮಕ್ಕಳನ್ನು ಐದು ಗುಂಪುಗಳಲ್ಲಿ ಕೂರಿಸುತ್ತೇವೆ, ಅವನ್ನು ತಟ್ಟೆ ಅನ್ನುತ್ತೇವೆ. ಮೊದಲನೆಯದರಲ್ಲಿ ಶಿಕ್ಷಕರ ಪೂರ್ತಿ ಬೆಂಬಲ. ಆಮೇಲೆ ಸ್ವಲ್ಪ ಬೆಂಬಲ. ಆಮೇಲೆ ಜೊತೆಯ ಮಕ್ಕಳ ಬೆಂಬಲ, ಅದೂ ಎರಡು ಹಂತ. ಕೊನೆಯದು ಸ್ವಕಲಿಕೆ. 1995ರ ಹೊತ್ತಿಗೆ ಎಚ್.ಡಿ. ಕೋಟೆಯ ಶಾಲೆಗಳಲ್ಲಿ ಶುರುವಾದ ಈ ಪದ್ಧತಿ 2009–10ರಲ್ಲಿ ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳಿಗೆ ಬಂತು. ಎಷ್ಟೋ ವರ್ಷದಿಂದ ನಾನು ದಿನಾ ಬೆಳಿಗ್ಗೆ ಮಾಡುತ್ತಿದ್ದ ಕೆಲಸ. ಶಿಕ್ಷಕರು ಎಲ್ಲಿ ಪೂರ್ತಿ ಇರಬೇಕು, ಎಲ್ಲಿ ಹಿಂದೆ ಸರಿಯಬೇಕು ಅನ್ನುವುದೇ ಅದರ ಜೀವ. ಅದು ಶಾಲೆಯ ನಾಲ್ಕು ಗೋಡೆಯೊಳಗೆ ಮಾತ್ರ ಅಂದುಕೊಂಡಿದ್ದೆ. ಊರಿನ ಕಟ್ಟೆಯನ್ನೂ ಒಂದು ತಟ್ಟೆ ಅಂತ ನೋಡಿರಲಿಲ್ಲ. ಹಾಗೆ ನೋಡಿದ್ದರೆ ಅಲ್ಲಿ ಯಾವ ಕೆಲಸ ಆಗಬೇಕು, ಯಾವುದು ಆಗಬಾರದು ಅಂತ ಮೊದಲ ದಿನವೇ ಯೋಚಿಸುತ್ತಿದ್ದೆ.

ಆ ಶನಿವಾರ ಇಬ್ಬರೂ ಕೂತು ಮಾತಾಡಿದೆವು. ಹೊಸ ಪಾಠ ನನ್ನದು. ಸಂಜೆ ಕಥೆ, ಜೋರಾಗಿ ಓದುವುದು, ಆಟ, ಊರಿನವರ ಜೊತೆ ಮಾತು. ಮಗ್ಗಿ ಬೇಡವೇ ಬೇಡ ಅಂತಲ್ಲ, ಕೂಗಿಸುವುದು ಬೇಡ. ಗ್ರಾಮ ಪಂಚಾಯಿತಿ ಗ್ರಂಥಾಲಯದಿಂದ ವಾರಕ್ಕೆ ಹತ್ತು ಕಥೆ ಪುಸ್ತಕ ತರುವ ಜವಾಬ್ದಾರಿ ಮೊಬೈಲ್ ಅಂಗಡಿ ಹುಡುಗನಿಗೆ. ಇದರ ಜೊತೆ ಒಂದು ಉದ್ದ ನೋಟ್‌ಬುಕ್ ಇಟ್ಟೆವು. ಸಂಜೆ ಅವಳು ಎರಡು ಸಾಲು ಬರೆಯಬೇಕು, ಬೆಳಿಗ್ಗೆ ನಾನು ಓದಬೇಕು.

ಆ ನೋಟ್‌ಬುಕ್

ಮೊದಲ ಹತ್ತು ದಿನ ಅದರಲ್ಲಿ ಇದ್ದದ್ದು ಒಂದೇ ಸಾಲು. "ಎಲ್ಲರೂ ಚೆನ್ನಾಗಿ ಕಲಿತರು." ತಪ್ಪು ಅವಳದ್ದಲ್ಲ. ನಾವು ಶಿಕ್ಷಕರೂ ವರದಿಗಳಲ್ಲಿ ಹೀಗೇ ಬರೆಯುತ್ತೇವಲ್ವಾ? ಒಂದು ಸಂಜೆ ಅವಳ ಪಕ್ಕದಲ್ಲೇ ಕೂತೆ. ಒಬ್ಬ ಹುಡುಗಿ ಓದುವಾಗ ಎಲ್ಲಿ ನಿಂತಳು, ಎಲ್ಲಿ ಚಿತ್ರ ನೋಡಿ ಊಹಿಸಿದಳು, ಎಲ್ಲಿ ಬೆರಳು ಹಿಂದಕ್ಕೆ ಬಂತು, ಇದನ್ನು ಬರಿ ಅಂದೆ. "ಇದೆಲ್ಲ ಬರೆದ್ರೆ ನಿಮಗೆ ಉಪಯೋಗ ಆಗುತ್ತಾ?" ಅಂತ ಕೇಳಿದಳು. ನನಗೆ ಬೇಕಾಗಿದ್ದು ಅದೇ.

ಮುಂದಿನ ವಾರ ಒಂದು ಸಾಲು ಬಂತು. "ಮೂರನೇ ಕ್ಲಾಸಿನ ಹುಡುಗ ಹಾಲು ಅಂತ ಇದ್ದರೆ ಆಲು ಅಂತ ಓದುತ್ತಾನೆ. ಹಳ್ಳ ಅಂದರೆ ಅಳ್ಳ. ಹ ಅಕ್ಷರ ಬರುವುದಿಲ್ಲ. ಐವತ್ತು ಸಲ ಬರೆಸಿದೆ."

ಬೆಳಿಗ್ಗೆ ಅವನಿಗೆ ಚಿತ್ರ ಕಾರ್ಡು ಕೊಟ್ಟೆ. ಹಾಲಿನ ಚಿತ್ರಕ್ಕೆ ಹ ಇರುವ ಕಾರ್ಡನ್ನು ಸರಿಯಾಗಿಯೇ ಇಟ್ಟ. ಆಲದ ಮರಕ್ಕೆ ಆ ಇಟ್ಟ. ಅಕ್ಷರ ಅವನಿಗೆ ಚೆನ್ನಾಗಿ ಬರುತ್ತಿತ್ತು. ಅವನ ಮನೆಯಲ್ಲಿ, ಅವನ ಬೀದಿಯಲ್ಲಿ ಎಲ್ಲರೂ ಆಲು, ಅಳ್ಳ ಅಂತಲೇ ಮಾತಾಡುವುದು. ಅವನು ಅರ್ಥ ಮಾಡಿಕೊಂಡು ತನ್ನ ಬಾಯಿಯ ಮಾತಿಗೆ ತಿರುಗಿಸಿ ಓದುತ್ತಿದ್ದ. ಅದು ಓದು ಬಾರದವನ ಲಕ್ಷಣವಲ್ಲ. ಐವತ್ತು ಸಲ ಬರೆಸುವುದು ಅವನಿಗೆ ಶಿಕ್ಷೆ ಅಷ್ಟೇ.

ಆದರೆ ಒತ್ತಕ್ಷರದಲ್ಲಿ ಅವನು ನಿಜವಾಗಿಯೂ ಸಿಕ್ಕಿಕೊಂಡಿದ್ದ. ಅಕ್ಕಿ ಓದುತ್ತಿದ್ದ, ಪುಸ್ತಕ ಬಂದರೆ ಪುಸತಕ. ಅದು ನನಗೆ ಗೊತ್ತಿರಲಿಲ್ಲ. ಹಗಲು 20 ಮಕ್ಕಳ ನಡುವೆ ಅವನು ಪಕ್ಕದವನ ಬಾಯಿ ನೋಡಿ ಓದಿಬಿಡುತ್ತಿದ್ದ. ಕಟ್ಟೆಯ ಮೇಲೆ ಒಬ್ಬನೇ ಓದಿದಾಗ ಅವಳಿಗೆ ಕಂಡಿತು. ಅವಳು ಕಂಡದ್ದನ್ನು ಬರೆದಳು. ಅದು ಯಾವ ಥರದ ತೊಡಕು, ಅದಕ್ಕೆ ಏನು ಮಾಡಬೇಕು ಅಂತ ತೀರ್ಮಾನಿಸುವುದು ನನ್ನ ಕೆಲಸವಾಯಿತು. ಆ ತೀರ್ಮಾನಕ್ಕೆ ನನ್ನ ತರಬೇತಿ, ನನ್ನ ವರ್ಷಗಳ ಅನುಭವ ಬೇಕಾಯಿತು. ಊರಿನವರು ಕಲಿಸಲು ಬಂದರೆ ಶಿಕ್ಷಕರು ಯಾಕೆ ಬೇಕು ಅಂತ ಕೇಳುವವರಿಗೆ ನಾನು ಈ ಆಲು, ಹಾಲಿನ ವಿಷಯವನ್ನೇ ಹೇಳುವುದು.

ಕಟ್ಟೆ ಕೆಳಗೆ ನಿಂತ ಮೂವರು

ಈಗ ಹೇಳುವುದು ಬರೆಯಲು ಕಷ್ಟವಾದ ಭಾಗ.

ನವೆಂಬರ್ ಕೊನೆಯ ವಾರ ಇರಬೇಕು. ನೋಟ್‌ಬುಕ್‌ನಲ್ಲಿ ಬಂದವರ ಹೆಸರು ನೋಡುತ್ತಾ ಹಾಜರಿ ಪುಸ್ತಕದ ಜೊತೆ ಹೋಲಿಸಿದೆ. ದಲಿತರ ಕಾಲೋನಿಯ ಏಳು ಮಕ್ಕಳಲ್ಲಿ ನಾಲ್ವರ ಹೆಸರು ಒಂದು ದಿನವೂ ಇಲ್ಲ. ಮೂವರ ಹೆಸರು ಇದೆ, ಆದರೆ ಅವರು ಓದಿದ ಬಗ್ಗೆ ಒಂದು ಸಾಲೂ ಇಲ್ಲ. ಆ ಸಂಜೆ ಬಸ್ ಬಿಟ್ಟು ಉಳಿದುಕೊಂಡೆ. ಕಟ್ಟೆಯ ಮೇಲೆ ಮಕ್ಕಳು ಜಮಖಾನ ಹಾಸಿ ಕೂತಿದ್ದರು. ಕೆಳಗೆ, ಬಲ್ಬಿನ ಬೆಳಕು ಮುಗಿಯುವ ಕಡೆ, ಮೂವರು ಪುಸ್ತಕ ಎದೆಗವಚಿಕೊಂಡು ನಿಂತಿದ್ದರು. ಯಾರೂ ಅವರಿಗೆ ಬರಬೇಡಿ ಅಂದಿರಲಿಲ್ಲ. ಅದು ಗುಡಿ ಕಟ್ಟೆ. ಹತ್ತಬಾರದು ಅಂತ ಅವರ ಮನೆಯಲ್ಲೇ ಹೇಳಿ ಕಳಿಸಿದ್ದರು.

ವಿದ್ಯಾಗಮದಲ್ಲಿ ನಾನೇ ಆ ಕಟ್ಟೆ ಆರಿಸಿದ್ದು. ಆಗ ಆ ಮಕ್ಕಳಿಗೆ ಬೇವಿನ ಮರದ ಕೆಳಗೆ ಬೇರೆ ಗುಂಪು ಮಾಡಿದ್ದೆ, ಅವರ ಮನೆಗೆ ಹತ್ತಿರ ಆಗುತ್ತದೆ ಅಂತ. ಹತ್ತಿರ ಎನ್ನುವ ಕಾರಣದ ಹಿಂದೆ ಏನಿತ್ತು ಅಂತ ನಾನು ಕೇಳಿಕೊಂಡಿರಲಿಲ್ಲ. ಈಗಲೂ ಅದನ್ನು ನೆನೆದರೆ ನೋವಾಗುತ್ತದೆ.

ಸಮುದಾಯ ಅಂದ ಕೂಡಲೇ ಇಡೀ ಊರು ಒಂದೇ ಮನೆ ಅಂದುಕೊಳ್ಳುತ್ತೇವೆ. ಅದು ಹಾಗಿರುವುದಿಲ್ಲ. ಊರಿನಲ್ಲಿ ಯಾರಿಗೆ ಮಾತಿದೆಯೋ ಅವರ ಜಾಗದಲ್ಲಿ, ಅವರ ಹೊತ್ತಿಗೆ ಕೆಲಸ ನಡೆಯುತ್ತದೆ. ಬಾರದೆ ಉಳಿದವರ ಹೆಸರು ಇರುವುದು ಶಿಕ್ಷಕರ ಹಾಜರಿ ಪುಸ್ತಕದಲ್ಲಿ ಮಾತ್ರ.

ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸಭೆ ಕರೆದೆವು. ನಮ್ಮ ರಾಜ್ಯದಲ್ಲಿ ಎಸ್‌ಡಿಎಂಸಿ ಬಂದದ್ದು 2001ರಲ್ಲಿ, ರಾಜಾ ರಾಮಣ್ಣ ಅವರ ನೇತೃತ್ವದ ಕಾರ್ಯಪಡೆಯ ಶಿಫಾರಸಿನ ಮೇಲೆ. ಆಮೇಲೆ ಬಂದ ಶಿಕ್ಷಣ ಹಕ್ಕು ಕಾಯ್ದೆ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರಿರಬೇಕು, ಸದಸ್ಯರಲ್ಲಿ ಅರ್ಧ ಹೆಂಗಸರಿರಬೇಕು ಅಂತ ಹೇಳಿತು. ನಮ್ಮ ಸಮಿತಿ ಅಲ್ಲಿಯವರೆಗೆ ಹೆಚ್ಚಾಗಿ ಸಹಿ ಹಾಕಲು, ಆಗಸ್ಟ್ ಹದಿನೈದಕ್ಕೆ ಸಿಹಿ ಹಂಚಲು ಸೇರುತ್ತಿತ್ತು. ಅವತ್ತು ಮೊದಲ ಸಲ ಗಟ್ಟಿ ಮಾತು ನಡೆಯಿತು.

ಸಂಜೆ ತರಗತಿ ಶಾಲೆ ಜಗಲಿಗೆ ಬರಲಿ ಅಂದೆ. ಒಬ್ಬ ಹಿರಿಯರು ಒಪ್ಪಲಿಲ್ಲ. "ಗುಡಿ ಮುಂದೆ ನಡೀತಾ ಐತೆ, ಒಳ್ಳೇದಾಗ್ತೈತೆ. ಯಾಕೆ ಕದಲಿಸ್ತೀರಿ?" ಕಾರಣ ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಡಲಿಲ್ಲ. ಆಗ ಅಧ್ಯಕ್ಷೆ ಎದ್ದರು. ಕುರಿ ಕಾಯುವ ಮನೆಯ ಹೆಂಗಸು, ಸಭೆಯಲ್ಲಿ ಹೆಚ್ಚು ಮಾತಾಡಿದವರಲ್ಲ. "ನೋಡಣ್ಣ, ಬಿಸಿಯೂಟದಾಗೆ ಎಲ್ಲಾ ಒಂದೇ ಸಾಲಾಗೆ ಉಣ್ತಾವೆ. ಓದಾಕೆ ಮಾತ್ರ ಯಾಕೆ ಕೆಳಗೆ ನಿಲ್ಬೇಕು? ಇಸ್ಕೂಲ್ ಎಲ್ಲಾರ್ದು. ಅಲ್ಲೇ ಆಗ್ಲಿ" ಅಂದರು. ಮುಖ್ಯ ಶಿಕ್ಷಕರು ಬೀಗದ ಕೈಯನ್ನು ಅಲ್ಲೇ ಅವರ ಕೈಗೆ ಕೊಟ್ಟರು.

ಆ ಹಿರಿಯರ ಮನೆಯ ಇಬ್ಬರು ಮಕ್ಕಳು ಒಂದು ತಿಂಗಳು ಸಂಜೆಗೆ ಬರಲಿಲ್ಲ. ಆಮೇಲೆ ಬಂದರು. ಕಾಲೋನಿಯ ಏಳರಲ್ಲಿ ಆರು ಮಕ್ಕಳು ಬರತೊಡಗಿದರು. ಏಳನೆಯವಳು ತಮ್ಮನನ್ನು ನೋಡಿಕೊಳ್ಳಬೇಕಿತ್ತು. ತಮ್ಮನನ್ನೂ ಕರೆದುಕೊಂಡು ಬಾ ಅಂದೆವು. ಅವನು ಜಗಲಿಯ ಮೂಲೆಯಲ್ಲಿ ಮಲಗುತ್ತಿದ್ದ.

ಕಂಬಳಿ ಅಜ್ಜನ ಮೊಳ

ಊರಿನ ಜಾಣತನವನ್ನು ತರಗತಿಗೆ ತರಬೇಕು ಅಂತ ತರಬೇತಿಗಳಲ್ಲಿ ಎಷ್ಟೋ ಸಲ ಕೇಳಿದ್ದೆ. ಚಳ್ಳಕೆರೆ ತಾಲ್ಲೂಕಿನವರಿಗೆ ಇದನ್ನು ಹೊಸದಾಗಿ ಹೇಳಬೇಕಿಲ್ಲ. ಓದು ಬರಹ ಬಾರದ ಸಿರಿಯಜ್ಜಿ ಇಲ್ಲಿಯ ಗೊಲ್ಲರಹಟ್ಟಿಯವರೇ. ಸಾವಿರಾರು ಜನಪದ ಹಾಡುಗಳನ್ನು ನಾಲಿಗೆ ಮೇಲೆ ಇಟ್ಟುಕೊಂಡಿದ್ದ ಅವರಿಗೆ ಹಂಪಿಯ ಕನ್ನಡ ವಿಶ್ವವಿದ್ಯಾಲಯ ನಾಡೋಜ ಗೌರವ ಕೊಟ್ಟಿತು. ಊರಲ್ಲಿ ತಿಳಿದವರಿದ್ದಾರೆ. ಅದನ್ನು ನಾಲ್ಕನೇ ತರಗತಿಯ ಮಗು ಹಿಡಿದುಕೊಳ್ಳುವ ಹಾಗೆ ಮಾಡುವುದು ಹೇಗೆ ಅನ್ನುವುದು ಬೇರೆ ಕೆಲಸ.

ಮೊದಲ ಸಲ ನಾವು ಕಂಬಳಿ ಅಜ್ಜನನ್ನು ಕರೆದು, ಕುರ್ಚಿ ಹಾಕಿ, ಹಾರ ಹಾಕಿ ಕೂರಿಸಿದೆವು. ಅಜ್ಜ ಮುಕ್ಕಾಲು ಗಂಟೆ ಮಾತಾಡಿದರು. ಉಣ್ಣೆ ಕತ್ತರಿಸುವುದು, ಹೆಂಗಸರು ರಾಟೆಯಲ್ಲಿ ನೂಲುವುದು, ಹುಣಸೆ ಬೀಜ ಹುರಿದು ನೆನೆಸಿ ಕುಟ್ಟಿ ಬೇಯಿಸಿ ಗಂಜಿ ಮಾಡಿ ಮಗ್ಗದ ಹಾಸಿನ ನೂಲಿಗೆ ಬಳಿಯುವುದು. ಒಂದಕ್ಕಿಂತ ಒಂದು ಚೆಂದದ ವಿಷಯ. ಮಕ್ಕಳು ಹತ್ತು ನಿಮಿಷಕ್ಕೇ ಕಾಲು ಕೆರೆಯಲು ಶುರು ಮಾಡಿದರು. ಕೊನೆಗೆ ಚಪ್ಪಾಳೆ, ಫೋಟೋ. ಮೇಲಿನ ಕಚೇರಿಯವರೊಬ್ಬರು ಫೋಟೋ ನೋಡಿ ಭೇಷ್ ಅಂದರು. ಮಕ್ಕಳು ಏನು ಕಲಿತರು ಅಂತ ಯಾರೂ ಕೇಳಲಿಲ್ಲ.

ಎರಡನೇ ಸಲ ನಾನು ಮೊದಲೇ ಒಬ್ಬಳೇ ಅಜ್ಜನ ಮನೆಗೆ ಹೋದೆ. ಗುಂಡಿ ಮಗ್ಗದ ಪಕ್ಕ ಎರಡು ಗಂಟೆ ಕೂತೆ. ಅಜ್ಜ ಹಾಸಿನ ಉದ್ದವನ್ನು ಮೊಳದಲ್ಲಿ ಅಳೆಯುತ್ತಿದ್ದರು. ಮೊಣಕೈಯಿಂದ ನಡುಬೆರಳ ತುದಿಗೆ ಒಂದು. ಅದನ್ನು ನೋಡುತ್ತಾ ನನಗೆ ನಾಲ್ಕನೇ ತರಗತಿಯ ಅಳತೆಯ ಪಾಠ ನೆನಪಾಯಿತು. "ಅಜ್ಜ, ಈ ಸಲ ನೀವು ಮಾತಾಡೋದು ಬೇಡ. ಮಕ್ಕಳು ಏನಾದ್ರೂ ಕೇಳಿದ್ರೆ ಮಾತ್ರ ಹೇಳಿ" ಅಂದೆ. ಅಜ್ಜ ನಕ್ಕು, "ಆಗ್ಲಿ ತಾಯಿ, ಬಾಯಿಗೆ ಬೀಗ" ಅಂದರು.

ಮಕ್ಕಳಿಗೆ ಒಂದು ಕಂಬಳಿ ಕೊಟ್ಟು ಎಷ್ಟು ಮೊಳ ಇದೆ ಅಳೆಯಿರಿ ಅಂದೆ, ಅಷ್ಟೇ. ಅಜ್ಜನ ಕೈಯಲ್ಲಿ ಆರು ಮೊಳ ಬಂತು. ಒಬ್ಬಳು ಅಳೆದಳು, ಎಂಟು. ಮತ್ತೊಬ್ಬ ಏಳೂವರೆ. ಜಗಳ ಹತ್ತಿತು. ನೀನು ಮೋಸ ಮಾಡಿದೆ, ನಿನ್ನ ಕೈ ಮಡಚಿದೆ. ಅರ್ಧ ಗಂಟೆ ಬಿಟ್ಟುಬಿಟ್ಟೆ. ಕೊನೆಗೆ ಯಾರೋ ಅಜ್ಜನ ಕೈಯ ಪಕ್ಕ ತನ್ನ ಕೈ ಇಟ್ಟು ನೋಡಿದ. ಸ್ಕೇಲು ಬಂತು. ಅಜ್ಜನ ಮೊಳ 47 ಸೆಂಟಿಮೀಟರ್, ಎಂಟು ಅಂದವಳ ಮೊಳ 35.

ಅವಳು ಸುಮ್ಮನೆ ಯೋಚಿಸಿ ಹೇಳಿದಳು. "ಅಜ್ಜನ ಮೊಳದಾಗೆ ಕೊಂಡ್ಕೊಂಡು ನನ್ನ ಮೊಳದಾಗೆ ಮಾರಿದ್ರೆ ಲಾಭ."

ಅಜ್ಜನ ಬಾಯಿ ಬೀಗ ಅಲ್ಲಿ ಒಡೆಯಿತು. ಹಿಂದೆ ಸಂತೆಯಲ್ಲಿ ಉದ್ದ ಕೈಯವನನ್ನು ಕರೆದುಕೊಂಡು ಹೋಗಿ ಕಂಬಳಿ ಕೊಳ್ಳುತ್ತಿದ್ದವರ ಕಥೆ ಹೇಳಿದರು. ಆಗ ಮಕ್ಕಳು ಕಣ್ಣು ಮಿಟುಕಿಸದೆ ಕೇಳಿದರು. ಅದೇ ಅಜ್ಜ, ಅದೇ ಕಂಬಳಿ. ಮೊದಲ ಸಲ ಮಕ್ಕಳ ತಲೆಯಲ್ಲಿ ಪ್ರಶ್ನೆ ಇರಲಿಲ್ಲ, ಈ ಸಲ ಇತ್ತು. ಆ ಪ್ರಶ್ನೆ ಹುಟ್ಟುವ ಹಾಗೆ ಜಾಗ ಸಿದ್ಧ ಮಾಡಲು ನನಗೆ ಎರಡು ಗಂಟೆ ಮಗ್ಗದ ಪಕ್ಕ ಕೂರಬೇಕಾಯಿತು. ಯಾವ ದಾಖಲೆಯಲ್ಲೂ ಆ ಎರಡು ಗಂಟೆ ಇಲ್ಲ. ಶಿಕ್ಷಕರ ಕೆಲಸದ ಲೆಕ್ಕದಲ್ಲಿ ಅದು ಸೇರಬೇಕು ಅಂತ ನಾನು ಬಲವಾಗಿ ನಂಬುತ್ತೇನೆ. ಕಾಯ್ದೆ ವಾರಕ್ಕೆ 45 ಗಂಟೆ ಅಂದಾಗ ಪಾಠದ ಸಿದ್ಧತೆಯನ್ನೂ ಸೇರಿಸಿಯೇ ಹೇಳಿದೆ.

ಇಂಥದ್ದೇ ಇನ್ನೊಂದು. 2022ರ ಸೆಪ್ಟೆಂಬರ್‌ನಲ್ಲಿ ಹಿರಿಯೂರಿನ ವಾಣಿವಿಲಾಸ ಸಾಗರ ಕೋಡಿ ಬಿತ್ತು. 1933ರ ನಂತರ ಅದೇ ಮೊದಲು. ಮಕ್ಕಳು ಮನೆ ಮನೆಗೆ ಹೋಗಿ ಆ ಹಿಂದಿನ ಕೋಡಿ ನೋಡಿದವರು ಇದ್ದಾರಾ ಅಂತ ಕೇಳಿದರು. ಯಾರೂ ಸಿಗಲಿಲ್ಲ. ಆದರೆ 2022ರಿಂದ 1933 ಕಳೆಯುವುದನ್ನು ಯಾರಿಗೂ ಎರಡನೇ ಸಲ ಹೇಳಿಕೊಡಬೇಕಾಗಲಿಲ್ಲ.

ಡಬ್ಬದ ಲೆಕ್ಕವೂ ಹಾಗೆಯೇ. ಶೇಂಗಾ ಬಿಡಿಸುವ ಕೂಲಿ ನಮ್ಮೂರಲ್ಲಿ ಡಬ್ಬಕ್ಕೆ ಇಷ್ಟು ಅಂತ. ಗುಣಾಕಾರದಲ್ಲಿ ಸೊನ್ನೆ ಎಲ್ಲಿ ಇಡಬೇಕು ಅಂತ ಗೊತ್ತಾಗದೆ ಅಳುತ್ತಿದ್ದ ಹುಡುಗನೊಬ್ಬ, ಕುರಿ ಕಾಯುವ ಮನೆಯವನು. ಅವ್ವಂದು ಒಂಬತ್ತು ಡಬ್ಬ, ಚಿಕ್ಕವ್ವಂದು ಏಳು, ಅಕ್ಕಂದು ನಾಲ್ಕು, ಡಬ್ಬಕ್ಕೆ 35 ರೂಪಾಯಿ ಆದರೆ ಎಷ್ಟು ಅಂದರೆ ಕ್ಷಣದಲ್ಲಿ 700 ಅಂದ. ಹೇಗೆ ಮಾಡಿದೆ ಅಂದೆ. "ಎಲ್ಡು ಡಬ್ಬಕ್ಕೆ ಎಪ್ಪತ್ತು. ಅಂಥವು ಹತ್ತು." ಅದನ್ನೇ ಹಲಗೆ ಮೇಲೆ ಬರೆದು ತೋರಿಸಿದೆ. "ಇದೇನಾ ಅದು?" ಅಂತ ಹಲಗೆಯನ್ನೇ ನೋಡುತ್ತಾ ಕೂತ.

ದುಡ್ಡು, ಪರೀಕ್ಷೆ

2022ರ ಡಿಸೆಂಬರ್ ಹೊತ್ತಿಗೆ ಸಂಜೆ ತರಗತಿಯ ಹೆಸರು ಪಕ್ಕದ ಊರಿಗೂ ಹೋಗಿತ್ತು. ಐದನೇ ತರಗತಿಯ ಪೋಷಕರು ಬಂದು ಮೊರಾರ್ಜಿ ವಸತಿ ಶಾಲೆಯ ಪ್ರವೇಶ ಪರೀಕ್ಷೆಗೆ ಕೋಚಿಂಗ್ ಕೊಡಿ ಅಂದರು. ಬೇಕಾದರೆ ತಿಂಗಳಿಗೆ ಇಷ್ಟು ಅಂತ ಕೊಡುತ್ತೇವೆ ಅಂದರು. ಅವರ ಆಸೆ ತಪ್ಪಲ್ಲ. ಆರನೇ ತರಗತಿಗೆ ವಸತಿ ಶಾಲೆ ಸಿಕ್ಕರೆ ಒಂದು ಮನೆಯ ದಾರಿಯೇ ಬದಲಾಗುತ್ತದೆ. ಆದರೆ ಜನವರಿಯಲ್ಲಿ ನೋಡಿದರೆ ಆರು ಮಕ್ಕಳು ಬೋರ್ಡಿನ ಮುಂದೆ, ಉಳಿದ ಇಪ್ಪತ್ತು ಹಿಂದೆ ಸುಮ್ನೆ ಕೂತಿದ್ದರು.

ನಾನು ದುಡ್ಡು ತೆಗೆದುಕೊಂಡು ಪಾಠ ಹೇಳುವ ಮಾತೇ ಇಲ್ಲ. ಶಿಕ್ಷಕರು ಖಾಸಗಿ ಟ್ಯೂಷನ್ ಮಾಡಬಾರದು ಅಂತ ಕಾಯ್ದೆಯಲ್ಲೇ ಇದೆ. ಆದರೆ ಆ ಹುಡುಗಿ ಶಿಕ್ಷಕಿ ಅಲ್ಲ. ಅವಳಿಗೆ ಬಸ್ ಚಾರ್ಜಿಗೂ ಕಷ್ಟ. ಅವಳು ಬಿಟ್ಟಿ ದುಡಿಯಲಿ ಅನ್ನುವುದೂ ನ್ಯಾಯವಲ್ಲ. ತಲೆಗೆ ಇಷ್ಟು ಫೀ ಅಂತ ಮಾಡಿದರೆ ಕಟ್ಟೆ ಕೆಳಗೆ ನಿಂತಿದ್ದ ಮಕ್ಕಳು ಮತ್ತೆ ಕೆಳಗೇ ನಿಲ್ಲುತ್ತಾರೆ. ಎರಡು ಸಭೆ ಇದರಲ್ಲೇ ಹೋಯಿತು. ಕೊನೆಗೆ ಬಿಸಿಯೂಟದ ಅಡುಗೆಯಕ್ಕ ಒಂದು ದಾರಿ ಹೇಳಿದರು. ಸುಗ್ಗಿಯಲ್ಲಿ ಹೊಲ ಇರುವ ಮನೆಯವರು ತಲಾ ಎರಡು ಸೇರು ಶೇಂಗಾ ಕೊಡಲಿ. ಹೊಲ ಇಲ್ಲದವರನ್ನು ಕೇಳುವುದು ಬೇಡ. ಮಾರಿ ಬಂದ ದುಡ್ಡು ಅಧ್ಯಕ್ಷೆಯ ಹತ್ತಿರ ಇರಲಿ, ಅವಳಿಗೆ ಅವರೇ ಕೊಡಲಿ. ಯಾವ ಮಗುವಿನ ಮನೆಯಿಂದ ಎಷ್ಟು ಬಂತು ಅಂತ ಕಲಿಸುವವಳಿಗೆ ಗೊತ್ತಾಗಬಾರದು. ಈ ಕೊನೆಯ ಮಾತು ನನಗೆ ತುಂಬಾ ಹಿಡಿಸಿತು.

ಪರೀಕ್ಷೆಯ ಮಕ್ಕಳಿಗೆ ಮುಖ್ಯ ಶಿಕ್ಷಕರು ಶನಿವಾರ ಶಾಲೆ ಬಿಟ್ಟ ಮೇಲೆ ಒಂದು ಗಂಟೆ ಕೂರಿಸಿಕೊಂಡರು, ಬಿಟ್ಟಿಯಾಗಿ, ಐದನೇ ತರಗತಿಯ ಎಲ್ಲರನ್ನೂ. ಆ ವರ್ಷ ಇಬ್ಬರಿಗೆ ಸೀಟು ಸಿಕ್ಕಿತು.

ಈಗ

ಆ ಹುಡುಗಿ ಡಿಗ್ರಿ ಮುಗಿಸಿ ಬಿ.ಇಡಿ.ಗೆ ದಾವಣಗೆರೆಗೆ ಹೋದಳು. ಹೋಗುವ ಮುಂಚೆ ಇಬ್ಬರು ತಾಯಂದಿರಿಗೆ ನೋಟ್‌ಬುಕ್ ಬರೆಯುವುದನ್ನು ಹೇಳಿಕೊಟ್ಟಳು. ಒಬ್ಬರು ಏಳನೇ ತರಗತಿ, ಒಬ್ಬರು ಎಸ್ಸೆಸ್ಸೆಲ್ಸಿ ಓದಿದವರು. ಅವರ ಬರಹದಲ್ಲಿ ತಪ್ಪಿರುತ್ತದೆ, ನೋಟ ಮಾತ್ರ ಬಹಳ ಚುರುಕು. "ಇವತ್ತು ಅವಳು ಓದಲಿಲ್ಲ, ಮನೆಯಲ್ಲಿ ಜಗಳ ಆಗೈತೆ" ಅಂತ ಒಂದು ಸಾಲು ಇದ್ದರೆ ಬೆಳಿಗ್ಗೆ ನಾನು ಆ ಮಗುವನ್ನು ಮಾತಾಡಿಸುವ ರೀತಿಯೇ ಬೇರೆಯಾಗುತ್ತದೆ. ಒಂದನೇ ತರಗತಿಗೆ ತೆಲುಗು ಮಾತ್ರ ಬರುವ ಮಕ್ಕಳು ಬಂದಾಗ ಅವರಲ್ಲೊಬ್ಬರು ಜೂನ್ ತಿಂಗಳಿಡೀ ಬೆಳಿಗ್ಗೆಯೂ ನನ್ನ ಪಕ್ಕ ಕೂತರು.

ನನ್ನ ಕೆಲಸ ಕಡಿಮೆಯಾಯಿತಾ ಅಂತ ಕೇಳಿದರೆ, ಇಲ್ಲ. ಮಾತಾಡುವುದು ಕಡಿಮೆಯಾಗಿದೆ. ಕೇಳುವುದು, ಹೋಲಿಸುವುದು, ಯಾರನ್ನು ಯಾರ ಜೊತೆ ಕೂರಿಸಬೇಕು ಅಂತ ಯೋಚಿಸುವುದು, ಊರಿನ ಮನಸ್ತಾಪಗಳ ನಡುವೆ ನಿಲ್ಲುವುದು ಜಾಸ್ತಿಯಾಗಿದೆ. ಇದಕ್ಕೆ ಹೊತ್ತು ಬೇಕು. ಆ ಹೊತ್ತನ್ನು ಆ್ಯಪಿಗೆ ಮಾಹಿತಿ ತುಂಬುವುದು, ಸಮೀಕ್ಷೆ, ದಿಢೀರ್ ವರದಿಗಳು ತಿನ್ನುತ್ತವೆ. ಊರು ಸಹಾಯಕ್ಕೆ ಇದೆ ಅಂತ ಮೂರನೇ ಶಿಕ್ಷಕರ ಅಗತ್ಯ ಇಲ್ಲ ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ತಾಯಂದಿರು ಬರುವುದು ಅವರ ಪ್ರೀತಿಯಿಂದ. ಸರ್ಕಾರ ಕೊಡಬೇಕಾದ್ದನ್ನು ಅವರ ಪ್ರೀತಿಯಿಂದ ತುಂಬಿಸುವುದು ತಪ್ಪು.

ಸುಗ್ಗಿಯಲ್ಲಿ ಹಗಲಿನ ಹಾಜರಿ ಈಗಲೂ ಬೀಳುತ್ತದೆ. 2021ರಷ್ಟು ಅಲ್ಲ. ಕಳೆದ ಸುಗ್ಗಿಯಲ್ಲಿ ತೀರಾ ಕಡಿಮೆ ಬಂದ ದಿನ 27 ಮಕ್ಕಳಿದ್ದರು. ಸಂಜೆಗೆ ಬಂದು ಕೂರುವ ಅಪ್ಪ ಅಮ್ಮಂದಿರೇ ಬೇರೆ ಮನೆಯವರಿಗೆ ಹೇಳುತ್ತಾರೆ, ಅದು ನನ್ನ ಜಗಳಕ್ಕಿಂತ ಚೆನ್ನಾಗಿ ಕೆಲಸ ಮಾಡಿದೆ.

ಕುರಿಯ ಜೊತೆ ಹೋಗುವ ಮಕ್ಕಳ ವಿಷಯ ಇನ್ನೂ ಬಗೆಹರಿದಿಲ್ಲ. ಡಬ್ಬದ ಲೆಕ್ಕ ಹೇಳಿದ ಹುಡುಗ ಐದಕ್ಕೆ ಬಂದ ವರ್ಷ ಜನವರಿಯಲ್ಲಿ ಹೊರಟ. ಹಾಸ್ಟೆಲ್ಲಿಗೆ ಹಾಕೋಣ ಅಂದೆವು, ಅಪ್ಪ ಒಪ್ಪಲಿಲ್ಲ. ಇಪ್ಪತ್ತು ಕಾರ್ಡು, ಎರಡು ಕಥೆ ಪುಸ್ತಕ, ಒಂದು ಪೆನ್ಸಿಲ್ ಡಬ್ಬಿ, ಎಲ್ಲವನ್ನೂ ಗೊಬ್ಬರ ಚೀಲದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕೊಟ್ಟೆವು. ಏಪ್ರಿಲ್ ಮೊದಲ ವಾರ ಬಂದ. ಒಂದು ಪುಸ್ತಕ ಮಳೆಗೆ ನೆಂದು ಹೋಗಿತ್ತು. ಕಾರ್ಡುಗಳಲ್ಲಿ ಒಂಬತ್ತು ಮಾಡಿದ್ದ. ಭಾಗಾಕಾರದ ಹತ್ತಿರ ನಿಂತಿದ್ದ. ಅದರ ಹಿಂದೆ ಪೆನ್ಸಿಲಿನಲ್ಲಿ "ಇದು ಗೊತ್ತಾಗ್ಲಿಲ್ಲ ಕೇಳಾಕೆ ಯಾರೂ ಇರ್ಲಿಲ್ಲ" ಅಂತ ಬರೆದಿದ್ದ.

ಈ ವರ್ಷ ಅವನ ತಮ್ಮ ಹೊರಡುತ್ತಾನೆ. ಅವರಪ್ಪನ ಫೋನ್ ನಂಬರ್ ತೆಗೆದುಕೊಂಡಿದ್ದೇನೆ. ಬುಧವಾರ ಮತ್ತು ಭಾನುವಾರ ಸಂಜೆ, ಕುರಿ ರೊಪ್ಪಕ್ಕೆ ಬಂದ ಮೇಲೆ, ಜಗಲಿಯಿಂದ ತಾಯಂದಿರು ಅವನಿಗೆ ಕರೆ ಮಾಡುತ್ತಾರೆ. ಅವನು ಕೇಳಿದ್ದನ್ನು ನೋಟ್‌ಬುಕ್‌ನಲ್ಲಿ ಬರೆದಿಡುತ್ತಾರೆ. ಪ್ಲಾಸ್ಟಿಕ್ ಈ ಸಲ ಎರಡು ಸುತ್ತು ಹಾಕುತ್ತೇವೆ.